ಇದ್ದಿಲ ಗೆರೆ

ಕೊಟ್ರಯ್ಯ ಹನ್ನೆರಡು ವರ್ಷ ಗುರುಗಳ ಬಳಿ ಮದ್ದು ಕಲಿತ.

ಕಲಿತು ಮುಗಿದವನಿಗೆ ಗುರುಗಳು ಕೈಯಾರೆ ಮದ್ದಿನ ಚೀಲ ಕೊಡುವರು. ಅದೇ ಅಪ್ಪಣೆ. ಕೊಡದಿದ್ದರೆ ಇನ್ನೊಂದು ವರ್ಷ ಅರೆಯುವ ಕಲ್ಲೇ ಗತಿ.

ಅಂದು ಕೊಟ್ರಯ್ಯನ ಸರದಿ. ಊರಿಗೆ ಕರೆದೊಯ್ಯಲು ಹರಿಗೋಲು ಹೊಳೆಯ ದಡದಲ್ಲಿ ಕಾಯುತ್ತಿತ್ತು.

ಅಷ್ಟರಲ್ಲಿ ಹುಲಿಗೆಮ್ಮ ಜೊಂಡಿನ ಹೊರೆ ಸಮೇತ ಓಡಿ ಬಂದಳು. ಜೊಂಡು ಕೊಯ್ಯುವಾಗ ಜೇನುಹುಳ ಮುಂಗೈಗೆ ಕಚ್ಚಿತ್ತು.

"ನೀನೇ ನೋಡು," ಎಂದರು ಗುರುಗಳು.

ಕೊಟ್ರಯ್ಯ ಹಿಗ್ಗಿದ. ಏಳು ಬಗೆಯ ಸೊಪ್ಪು ಅರೆದು ದಪ್ಪಗೆ ಮೆತ್ತಿದ. ಬಳೆಗಳೂ ಅದರಲ್ಲಿ ಮುಳುಗಿದವು.

"ಆಯಿತು ಗುರುಗಳೇ. ಚೀಲ ಕೊಡಿ, ಹೊರಡುತ್ತೇನೆ."

"ಬಾವು ಎಲ್ಲಿಯವರೆಗೆ ಬಂತು?"

"ಮದ್ದಿನ ಕೆಳಗಿದೆ. ಕಾಣುವುದಿಲ್ಲ."

"ಮತ್ತೆ ಎಲ್ಲಿಗೆ ಹೊರಟೆ?"

ಗುರುಗಳು ತಂಬಿಗೆ ನೀರು ಸುರಿದು ಮದ್ದನ್ನೆಲ್ಲ ತೊಳೆದರು. ಕೆಂಪಗೆ ಊದಿದ ಮುಂಗೈಯಲ್ಲಿ ಕೊಂಡಿ ಇನ್ನೂ ನೆಟ್ಟೇ ಇತ್ತು.

ಕೊಟ್ರಯ್ಯನ ಮುಖ ಸಪ್ಪಗಾಯಿತು.

ಗುರುಗಳು ಕೊಂಡಿಯನ್ನು ಹಿಂಡಲಿಲ್ಲ. ಉಗುರಿನ ಅಂಚಿನಿಂದ ಕೆರೆದು ತೆಗೆದರು. ಮತ್ತೆ ತೊಳೆದರು.

"ಬಳೆ ತೆಗೆ ತಾಯಿ. ಕೈ ಇನ್ನೂ ಊದೀತು."

"ಗಂಡ ಗುಂಡುಕಲ್ಲಿನ ಹಾಗಿದ್ದಾನೆ. ಬರಿಗೈ ಮಾಡಿಕೊಳ್ಳಲೇ?"

"ಇನ್ನೊಂದು ಕೈಗೆ ಏರಿಸು. ಬೇಕಾದರೆ ಅವನೇ ಬಂದು ಎಣಿಸಿಕೊಳ್ಳಲಿ."

ಹುಲಿಗೆಮ್ಮ ನೋವಿನಲ್ಲೂ ನಕ್ಕಳು. ಎಣ್ಣೆ ಸವರಿ ಬಳೆಗಳನ್ನು ಜಾರಿಸಿದಳು.

ಗುರುಗಳು ತಣ್ಣೀರು ಬಟ್ಟೆ ಹಾಕಿ, ಸ್ವಲ್ಪ ಹೊತ್ತು ಬಿಟ್ಟು ತೆಗೆದರು. ಕೈ ಒರೆಸಿದರು. ಒಲೆಯಿಂದ ಆರಿದ ಇದ್ದಿಲು ತಂದು ಬಾವಿನ ಸುತ್ತ ಗೆರೆ ಎಳೆದರು.

"ಕೂತು ನೋಡು. ಬಾವು ಗೆರೆ ದಾಟಿದರೆ ನನ್ನನ್ನು ಕರಿ. ತುಟಿ ಊದಿದರೆ, ಉಸಿರು ಕಟ್ಟಿದರೆ ಕರೆಯಲೂ ನಿಲ್ಲಬೇಡ. ಆಸ್ಪತ್ರೆ ಆಚೆ ದಡದಲ್ಲಿದೆ."

ಗುರುಗಳು ಒಳಗೆ ಹೋದರು. ಕೊಟ್ರಯ್ಯ ಕೂತ.

"ತುರಿಕೆ ಕಣಯ್ಯಾ," ಎಂದಳು ಹುಲಿಗೆಮ್ಮ.

"ಕೆರೆಯಬೇಡಮ್ಮ."

"ನಿನಗೆ ಕಚ್ಚಿದ್ದರೆ ಗೊತ್ತಾಗುತ್ತಿತ್ತು!"

ಅವನು ಬಟ್ಟೆಯನ್ನು ಮತ್ತೆ ನೀರಿನಲ್ಲಿ ಅದ್ದಿ ಹಿಂಡಿ, ಗೆರೆ ಅಳಿಯದಂತೆ ಕಚ್ಚಿದ ಜಾಗಕ್ಕೆ ಒತ್ತಿ ತೆಗೆದ. ಅವಳ ಕೈ ನೋಡಿದ, ಮುಖ ನೋಡಿದ, ಉಸಿರು ನೋಡಿದ.

ಬೇವಿನ ನೆರಳು ಅಂಗಳ ದಾಟಿತು. ದಡದಿಂದ ಅಂಬಿಗ ಕೂಗಿದ.

"ಅಯ್ಯಾ, ಬರುತ್ತೀರೋ, ಬಿಟ್ಟು ಹೋಗಲೋ?"

ಕೊಟ್ರಯ್ಯ ಗೆರೆಯಿಂದ ಕಣ್ಣು ತೆಗೆಯಲಿಲ್ಲ.

"ಹೋಗಬೇಡ, ಅಲ್ಲೇ ಇರು. ನನಗಲ್ಲ. ಈ ತಾಯಿಗೆ ಬೇಕಾದೀತು."

ಒಳಗೆ ಗುರುಗಳು ಕೆಮ್ಮಿದರು.

ಹೊತ್ತು ಇಳಿಯುವಾಗ ಬಾವು ಗೆರೆಯಿಂದ ಒಂದು ಬೆರಳು ಹಿಂದೆ ಸರಿದಿತ್ತು. ಹುಲಿಗೆಮ್ಮ ಜೊಂಡಿನ ಹೊರೆ ಎತ್ತಿಕೊಂಡು, ಒಂದೇ ಕೈಯಲ್ಲಿ ಎಲ್ಲ ಬಳೆ ಝಣಗುಟ್ಟಿಸುತ್ತ ಮನೆಗೆ ಹೋದಳು.

ಕೊಟ್ರಯ್ಯ ಚೀಲ ಕೇಳಲಿಲ್ಲ. ಅರೆಯುವ ಕಲ್ಲು ತೊಳೆಯಲು ಎದ್ದ.

ಗುರುಗಳು ಚೀಲ ತಂದು ಅವನ ಹೆಗಲಿಗೆ ಹಾಕಿದರು. ಅವನು ತೆರೆದು ನೋಡಿದ. ಒಳಗೆ ಒಂದು ಚೂರು ಇದ್ದಿಲು, ಅಷ್ಟೇ.

"ಗುರುಗಳೇ, ಮದ್ದು?"

"ಸೊಪ್ಪು ನಿಮ್ಮೂರಲ್ಲೂ ಬೆಳೆಯುತ್ತದೆ. ನಡಿ, ಈಗ ಹರಿಗೋಲು ನಿನಗೆ."