ಹೊಳೆಹುಳುವಿನ ಲೇಖನ

ನೀಲಕಂಠಯ್ಯ ಮೇಷ್ಟ್ರು ಹೊಳೆಯ ದಂಡೆಯಲ್ಲಿ ಮನೆ ಮಾಡಿಕೊಂಡು ಜೀವಮಾನವೆಲ್ಲ ಒಂದು ಹುಳುವಿನ ಹಿಂದೆ ಬಿದ್ದಿದ್ದರು. ಹೊಳೆಯ ತಳದಲ್ಲಿ, ಮರಳಿನ ಕಣಗಳನ್ನು ಮೈಸುತ್ತ ಅಂಟಿಸಿಕೊಂಡು ಗೂಡು ಕಟ್ಟಿಕೊಳ್ಳುವ ಹುಳು ಅದು. ಊರಿನವರಿಗೆ ಹುಳುವೂ ಬೇಕಿರಲಿಲ್ಲ, ಮೇಷ್ಟ್ರ ವಿವರಣೆಯೂ ಬೇಕಿರಲಿಲ್ಲ.

ಬೇಕಾಗಿದ್ದದ್ದು ಒಬ್ಬಳಿಗೇ, ಶಿಷ್ಯೆ ಕುಮುದಾಳಿಗೆ. ನೀರಿನ ಸೆಳೆತ ಹೆಚ್ಚಾದಾಗ ಹುಳು ದಪ್ಪ ಮರಳನ್ನೇ ಆರಿಸಿಕೊಳ್ಳುತ್ತದೆ ಎಂದು ಅವಳು ಕಂಡುಹಿಡಿದಿದ್ದಳು. ಅದನ್ನು ಲೇಖನ ಮಾಡಿ ಒಂದು ಜರ್ನಲ್‌ಗೆ ಕಳಿಸಿದ್ದಳು, ಉತ್ತರ ಬಂದಿರಲಿಲ್ಲ. ಅದು ಪ್ರಕಟವಾದರೆ ಡಾಕ್ಟರೇಟ್. ಇಲ್ಲದಿದ್ದರೆ ವರ್ಷಗಟ್ಟಲೆ ದುಡಿದದ್ದೆಲ್ಲ ದಂಡ.

ಅಷ್ಟರಲ್ಲಿ ಬೇರೊಂದು ಜರ್ನಲ್‌ನಿಂದ ಮೇಷ್ಟ್ರಿಗೆ ಒಂದು ಲೇಖನ ಬಂತು. ಪ್ರಕಟಿಸಬಹುದೇ ಬೇಡವೇ ನೋಡಿ ಹೇಳಿ ಎಂದು ಸಂಪಾದಕರು ಕೇಳಿದ್ದರು. ಮೇಷ್ಟ್ರ ಕಣ್ಣು ಮಂಜಾಗಿತ್ತು. ತಮ್ಮ ಶಿಷ್ಯೆ ಓದುತ್ತಾಳೆಂದು ಸಂಪಾದಕರಿಗೆ ತಿಳಿಸಿ, ಲೇಖನವನ್ನು ಕುಮುದಾಳ ಕೈಗೆ ಕೊಟ್ಟರು.

ಮೊದಲ ಪುಟವನ್ನೇ ಅವಳು ಎರಡು ಸಲ ಓದಿದಳು. ಅದೇ ಹುಳು, ಅದೇ ಮರಳು. ಅವಳು ಕಂಡದ್ದನ್ನೇ ಬೇರೆ ಯಾರೋ ಬೇರೆ ಯಾವುದೋ ಹೊಳೆಯಲ್ಲಿ ಕಂಡಿದ್ದರು.

"ಓದಿದೆಯಾ?" ಎಂದು ಮೇಷ್ಟ್ರು ಕೇಳಿದರು.

"ಓದ್ತಾ ಇದೀನಿ, ಮೇಷ್ಟ್ರೇ."

ಮರುದಿನವೂ ಓದುತ್ತಿದ್ದಳು. ಮುಂದಿನ ವಾರವೂ ಓದುತ್ತಿದ್ದಳು. ಅಷ್ಟು ಹೊತ್ತಿನಲ್ಲಿ ಇಡೀ ಪಂಚಾಂಗವನ್ನೇ ಬಾಯಿಪಾಠ ಮಾಡಬಹುದಿತ್ತು.

ಮೇಷ್ಟ್ರು ರೇಗಲಿಲ್ಲ. ಒಂದು ಬೆಳಿಗ್ಗೆ ಕಾಫಿ ಲೋಟವನ್ನು ಅವಳ ಮುಂದಿಟ್ಟು, "ಲೇಖನ ಚೆನ್ನಾಗಿಲ್ವಾ?" ಎಂದರು.

"ಚೆನ್ನಾಗಿದೆ. ಅದೇ ಸಂಕಟ." ಕುಮುದಾ ಅತ್ತೇಬಿಟ್ಟಳು. "ನಾನು ಕಂಡಿದ್ದೇ ಅದು, ಮೇಷ್ಟ್ರೇ. ಇದು ಮೊದಲು ಅಚ್ಚಾದ್ರೆ ನಂದನ್ನ ಯಾರು ಮೂಸಿ ನೋಡ್ತಾರೆ?"

"ತಪ್ಪು ಏನೂ ಇಲ್ವಾ?"

"ಒಂದಿದೆ. ಸೆಳೆತವನ್ನ ನೀರಿನ ಮೇಲ್ಗಡೆ ಅಳೆದಿದಾರೆ. ಹುಳ ಇರೋದು ತಳದಲ್ಲಿ. ಲೆಕ್ಕ ಅಲ್ಲೇ ಎಡವಿದೆ." ಅವಳು ಕಣ್ಣೊರೆಸಿಕೊಂಡಳು. "ಇದೊಂದೇ ಸಾಕು, ಬೇಡ ಅಂತ ಬರೆದುಬಿಡಬಹುದು. ಹೇಗೆ ಸರಿಮಾಡೋದು ಅಂತ ನಾವು ಹೇಳಿಕೊಡಬೇಕಾ?"

ಮೇಷ್ಟ್ರು ಎದ್ದು ಹೋಗಿ ಹೊಳೆಗೆ ಇಳಿದರು. ಈ ವಯಸ್ಸಿನಲ್ಲಿ ಕಾಲು ಜಾರಿದರೆ ಗತಿಯೇನು ಎಂದು ಹೆದರಿ ಕುಮುದಾ ಹಿಂದೆಯೇ ಓಡಿದಳು.

ಮೊಣಕಾಲುದ್ದದ ನೀರಿನಲ್ಲಿ ನಿಂತು ಮೇಷ್ಟ್ರು ಅವಳ ಕೈ ಹಿಡಿದರು. ಮೊದಲು ನೀರಿನ ಮೇಲ್ಗಡೆ ಇಟ್ಟರು. ನೀರು ಕೈಯನ್ನು ಎಳೆಯಿತು. ಆಮೇಲೆ ತಳಕ್ಕೆ ಒತ್ತಿದರು. ಅಲ್ಲಿ ನೀರು ಮೆತ್ತಗಿತ್ತು.

ಕುಮುದಾಳಿಗೆ ನೆನಪಾಯಿತು. ಬಂದ ಹೊಸದರಲ್ಲಿ ಅವಳೂ ಮೇಲ್ಗಡೆಯೇ ಅಳೆದಿದ್ದಳು. ಅಂದೂ ಮೇಷ್ಟ್ರು ಬೈದಿರಲಿಲ್ಲ, ಹೀಗೇ ಕೈ ಹಿಡಿದಿದ್ದರು.

"ಪಾಪ, ಅವರಿಗೆ ತೋರಿಸಿಕೊಡೋರು ಯಾರೂ ಇರಲಿಲ್ಲವೇನೋ," ಎಂದರು ಮೇಷ್ಟ್ರು.

ಅವಳಿಗೆ ನಾಚಿಕೆಯಾಯಿತು. ಸುಳ್ಳೇಕೆ, ಹೊಟ್ಟೆಯುರಿಯೂ ಇನ್ನೂ ಆರಿರಲಿಲ್ಲ.

"ಹಾಗಾದ್ರೆ ಏನು ಬರೀಲಿ?"

"ಇದೇ ಕೆಲಸ ನಾವೂ ಮಾಡ್ತಿದೀವಿ ಅಂತ ಸಂಪಾದಕರಿಗೆ ಮೊದಲು ಬರಿ. ನಮ್ಮ ಮಾತು ತಗೊಳ್ಳೋದು ಬಿಡೋದು ಅವರಿಗೆ ಬಿಟ್ಟಿದ್ದು. ಆಮೇಲೆ ತಳದಲ್ಲಿ ಹೇಗೆ ಅಳೀಬೇಕು ಅಂತ ಬಿಡಿಸಿ ಬರಿ."

"ನನ್ನ ಲೇಖನ?"

"ಹಿಂದೆ ಬೀಳಬಹುದು. ಬೀಳಲ್ಲ ಅಂತ ನಾನು ಸುಳ್ಳು ಹೇಳಲ್ಲ."

ಕುಮುದಾ ಇನ್ನೊಮ್ಮೆ ಬಗ್ಗಿ ತಾನೇ ಕೈಯನ್ನು ತಳಕ್ಕೆ ಒತ್ತಿ ನೋಡಿದಳು. ಆಮೇಲೆ ಮನೆಗೆ ಬಂದು ಬರೆಯಲು ಕೂತಳು. ತನಗೆ ತಿಳಿದದ್ದನ್ನೆಲ್ಲ ಬರೆದಳು, ಏನನ್ನೂ ಬಚ್ಚಿಡಲಿಲ್ಲ. ಕಳಿಸಿಯಾದ ಮೇಲೆ ಬಂದು ಮೇಷ್ಟ್ರ ಪಕ್ಕದಲ್ಲಿ ಕುಸಿದು ಕೂತಳು.

"ಬರೆದೋರು ಯಾರು ಅಂತಾನೂ ಗೊತ್ತಿಲ್ಲ, ಮೇಷ್ಟ್ರೇ. ಹೆಸರು ತೆಗೆದು ಕಳಿಸಿದಾರೆ."

"ಅಚ್ಚಾದಾಗ ಹೆಸರು ಇರುತ್ತಲ್ಲ." ಮೇಷ್ಟ್ರು ಅವಳ ತಲೆ ಸವರಿದರು. "ಹುಡುಕಿಕೊಂಡು ಹೋಗಿ ಮಾತಾಡ್ಸು. ನಾನು ಹೋದಮೇಲೆ ಈ ಹುಳದ ವಿಷಯ ನೀನು ಯಾರ ಹತ್ರ ಮಾತಾಡ್ತೀಯೋ ಅಂತ ನನಗೆ ಚಿಂತೆಯಾಗಿತ್ತು ಕಣಮ್ಮ."