ಎಲ್ಲಿಗೆ ಹೋಯಿತು ಮಂಗಳವಾರ?

ಬಸ್ ಸ್ಟ್ಯಾಂಡ್ ಹಿಂದೆ ಒಂದು ಬೀದಿ. ಬೀದಿಯಲ್ಲಿ ಒಂದು ಮನೆ. ಮನೆಯಲ್ಲಿ ನಾಲ್ಕು ಜನ. ಅಪ್ಪ, ಅಮ್ಮ, ಅಜ್ಜಿ, ಇಂಚರ. ಇಂಚರ ಎಷ್ಟು ಪುಟ್ಟವಳು? ಬಾಗಿಲ ಚಿಲಕ ಇನ್ನೂ ಕೈಗೆ ಎಟುಕುವುದಿಲ್ಲ, ಅಷ್ಟು ಪುಟ್ಟವಳು.

ಅಪ್ಪ ಹೋಟೆಲಿನಲ್ಲಿ ದೋಸೆ ಹುಯ್ಯುತ್ತಾನೆ. ಚುಂಯ್! ಚುಂಯ್! ವರ್ಷವೆಲ್ಲ ಚುಂಯ್. ಈ ಬೇಸಿಗೆಯಲ್ಲಿ ಅಪ್ಪ ಹೇಳಿದ, "ಮೂರು ದಿನ ದೋಸೆ ಸಾಕು. ದೊಡ್ಡ ಊರಿಗೆ ಹೋಗೋಣ. ಆಟದ ಪಾರ್ಕು ನೋಡೋಣ."

ನಾಲ್ಕೂ ಜನ ಚಾಪೆಯ ಮೇಲೆ ಕೂತರು. ನೋಡಬೇಕಾದ್ದು ಬಹಳ. ಕೈಯಲ್ಲಿರುವುದು ಸ್ವಲ್ಪ. ಅದಕ್ಕೇ ಚೆನ್ನಾಗಿ ಯೋಚನೆ ಮಾಡಿದರು.

ಹೋಗುವುದು ಹೇಗೆ? ಕೆಂಪು ಬಸ್ಸಿನಲ್ಲಿ. ಮಲಗುವುದು ಎಲ್ಲಿ? ಸೋದರತ್ತೆ ಮನೆಯಲ್ಲಿ. ಊಟ? ಬುತ್ತಿ ಕಟ್ಟಿಕೊಳ್ಳುವುದು, ಪಾರ್ಕಿನ ಗೇಟಿನ ಹೊರಗೆ ಮರದ ಕೆಳಗೆ ಕೂತು ತಿನ್ನುವುದು. ಟಿಕೆಟ್? ಅಗ್ಗದ ದಿನ ನೋಡಿ ಹೋಗುವುದು.

ನೀರಿನ ಪಾರ್ಕು ಮಂಗಳವಾರ ಅಗ್ಗ. ಹಿಮದ ಪಾರ್ಕು ಬುಧವಾರ ಅಗ್ಗ. ಪುಟಾಣಿ ರೈಲಿನ ಪಾರ್ಕು ಗುರುವಾರ ಅಗ್ಗ. ಉಳಿದ ದಿನ? ಅಬ್ಬಬ್ಬಾ, ಕೇಳಲೇಬೇಡಿ.

ರೈಲು ಇಂಚರಳದು. ಹಿಮ ಅಮ್ಮನದು. ಒಲೆಯ ಮುಂದೆ ಬೆಂದು ಬೆಂದು ಅಮ್ಮನಿಗೆ ಸಾಕಾಗಿತ್ತು. ನೀರು ಅಜ್ಜಿಯದು. ಆ ಪಾರ್ಕಿನಲ್ಲಿ ಒಂದು ದೊಡ್ಡ ಕೊಳ ಇದೆಯಂತೆ. ಗಂಟೆ ಹೊಡೆದರೆ ಕೊಳದಲ್ಲಿ ಅಲೆ ಏಳುತ್ತದಂತೆ. ಅಜ್ಜಿ ಸಮುದ್ರ ನೋಡಿದವಳಲ್ಲ. ಇಷ್ಟು ವರ್ಷದಲ್ಲಿ ಒಂದು ಅಲೆಯನ್ನೂ ನೋಡಿದವಳಲ್ಲ.

"ಅಲೆ ನೋಡ್ಬೇಕು ಕಣೇ, ಇಂಚರ" ಎಂದಳು ಅಜ್ಜಿ.

ಎಲ್ಲ ಗೊತ್ತಾಯಿತು. ಎಲ್ಲ ಸರಿಯಾಯಿತು. ಆಮೇಲೆ ಶನಿವಾರ ಬೆಳಗ್ಗೆ ಅಪ್ಪ ತಲೆ ಕೆರೆಯುತ್ತಾ ಮನೆಗೆ ಬಂದ.

"ಮಂಗಳವಾರ ಹೋಯ್ತು" ಎಂದ.

"ಎಲ್ಲಿಗೆ ಹೋಯ್ತು?" ಎಂದಳು ಇಂಚರ.

"ಗಂಗಣ್ಣನ ಹತ್ತಿರ ಹೋಯ್ತು. ನಾನು ರಜ ಹಾಕಿದ್ರೆ ದೋಸೆ ಕಲ್ಲಿನ ಮುಂದೆ ಅವನು ನಿಲ್ಲಬೇಕು. ಬುಧವಾರ ನಿಲ್ತಾನಂತೆ, ಗುರುವಾರ ನಿಲ್ತಾನಂತೆ. ಮಂಗಳವಾರ ಮಾತ್ರ ಆಗಲ್ವಂತೆ."

ಅಜ್ಜಿ ಒಂದು ಮಾತೂ ಬೇಸರದಿಂದ ಆಡಲಿಲ್ಲ. "ಹೋಗ್ಲಿ ಬಿಡಪ್ಪ. ನೀವು ಹಿಮ ನೋಡಿ, ರೈಲು ಹತ್ತಿ. ನನಗೇನು?" ಎಂದಳು. ಎಂದು ಗೋಡೆ ಕಡೆ ತಿರುಗಿ ಕೂತಳು. ಅಜ್ಜಿ ಗೋಡೆ ಕಡೆ ತಿರುಗಿದರೆ ಅಳುತ್ತಾಳೆ ಅಂತ ಇಂಚರಳಿಗೆ ಗೊತ್ತು.

"ನೀನು ಅಳಬೇಡ ಅಜ್ಜಿ. ನಾನು ಮಂಗಳವಾರ ತರ್ತೀನಿ" ಎಂದಳು ಇಂಚರ. ಚಪ್ಪಲಿ ಹಾಕಿಕೊಂಡಳು. ಹೊರಟೇಬಿಟ್ಟಳು.

ಹೋಟೆಲಿನ ಹಿಂದಿನ ಬಾಗಿಲಲ್ಲಿ ಇಣುಕಿದಳು. ಗಂಗಣ್ಣ ಇಡ್ಲಿ ಪಾತ್ರೆಯ ಮುಚ್ಚಳ ತೆಗೆಯುತ್ತಿದ್ದ. ಬುಸ್ಸ್!

"ಗಂಗಣ್ಣ ಮಾಮ, ಗಂಗಣ್ಣ ಮಾಮ,
ಅಜ್ಜಿಗೆ ಅಲೆ ಬೇಕು.
ಅಲೆಗೆ ಮಂಗಳವಾರ ಬೇಕು.
ಅಪ್ಪನ ಮಂಗಳವಾರ ನಿಮ್ಮ ಹತ್ತಿರ.
ಕೊಡ್ತೀರಾ?"

"ಕೊಡ್ತಿದ್ದೆ ಮಗಾ" ಎಂದ ಗಂಗಣ್ಣ. "ಆದ್ರೆ ನನ್ನ ಮಂಗಳವಾರ ನಮ್ಮಕ್ಕ ಪುಟ್ಟತಾಯಿ ತಗೊಂಡವಳೆ. ಅವಳ ಹೂವಿನ ಅಂಗಡೀಲಿ ನಾನು ಕೂರಬೇಕು. ಒಂದು ಕೈಲಿ ಹೂವು, ಒಂದು ಕೈಲಿ ದೋಸೆ, ಆಗುತ್ತಾ?"

ಆಗಲ್ಲ. ಹಾಗಂತ ಇಂಚರ ನಿಂತಳಾ? ನಿಲ್ಲಲಿಲ್ಲ. ನಡೆದಳು.

ಪುಟ್ಟತಾಯಿ ಮಲ್ಲಿಗೆ ಕಟ್ಟುತ್ತಿದ್ದಳು. ಎರಡು ಹೂವು, ಒಂದು ಗಂಟು. ಎರಡು ಹೂವು, ಒಂದು ಗಂಟು.

"ಪುಟ್ಟತಾಯಿ ಅತ್ತೆ, ಪುಟ್ಟತಾಯಿ ಅತ್ತೆ,
ಅಜ್ಜಿಗೆ ಅಲೆ ಬೇಕು.
ಅಲೆಗೆ ಮಂಗಳವಾರ ಬೇಕು.
ಅಪ್ಪನ ಮಂಗಳವಾರ ಗಂಗಣ್ಣ ಮಾಮನ ಹತ್ತಿರ.
ಗಂಗಣ್ಣ ಮಾಮನ ಮಂಗಳವಾರ ನಿಮ್ಮ ಹತ್ತಿರ.
ಕೊಡ್ತೀರಾ?"

"ಅಯ್ಯೋ ನನ್ನ ಕಂದ! ನನ್ನ ಮಂಗಳವಾರ ಟೈಲರ್ ಜರೀನಾ ಹತ್ತಿರ ಇದೆಯಲ್ಲ! ಅವಳ ಕೂಸನ್ನ ನಾನು ನೋಡ್ಕೋಬೇಕು."

"ಕೂಸನ್ನ ಇಲ್ಲೇ ಕೂರಿಸ್ಕೊಳ್ಳಿ."

"ಕೂರಿಸ್ಕೊಂಡಿದ್ದೆ ಒಂದು ದಿನ. ಒಂದು ಮಾರು ಸೇವಂತಿಗೆ ತಿಂದುಬಿಡ್ತು!"

ಇಂಚರ ನಿಂತಳಾ? ನಿಲ್ಲಲಿಲ್ಲ. ನಡೆದಳು.

ಜರೀನಾ ಹೊಲಿಗೆ ಮಷೀನು ತುಳಿಯುತ್ತಿದ್ದಳು. ಟಕಟಕಟಕ! ಕೂಸು ಬಟ್ಟೆ ಚೂರಿನ ಗುಡ್ಡೆಯಲ್ಲಿ ಕೂತಿತ್ತು. ಒಂದು ನೀಲಿ ಚೂರು ಬಾಯಲ್ಲಿತ್ತು.

"ಜರೀನಾ ಆಂಟಿ, ಜರೀನಾ ಆಂಟಿ,
ಅಜ್ಜಿಗೆ ಅಲೆ ಬೇಕು.
ಅಲೆಗೆ ಮಂಗಳವಾರ ಬೇಕು.
ಅಪ್ಪನ ಮಂಗಳವಾರ ಗಂಗಣ್ಣ ಮಾಮನ ಹತ್ತಿರ.
ಗಂಗಣ್ಣ ಮಾಮನ ಮಂಗಳವಾರ ಪುಟ್ಟತಾಯಿ ಅತ್ತೆ ಹತ್ತಿರ.
ಪುಟ್ಟತಾಯಿ ಅತ್ತೆ ಮಂಗಳವಾರ ನಿಮ್ಮ ಹತ್ತಿರ.
ಕೊಡ್ತೀರಾ?"

ಜರೀನಾ ಮಷೀನು ನಿಲ್ಲಿಸಿದಳು. "ನನ್ನ ಹತ್ತಿರ ಎಲ್ಲಿದೆ ಬೇಟಾ? ನನ್ನ ಮಂಗಳವಾರ ಲೋಕಣ್ಣ ತಗೊಂಡ್ರು. ಪಕ್ಕದ ಹಿಟ್ಟಿನ ಗಿರಣೀಲಿ ಅವರ ಬದಲು ನಾನು ನಿಲ್ಲಬೇಕು. ಕೂಸನ್ನ ಗಿರಣಿಗೆ ಕರ್ಕೊಂಡು ಹೋದ್ರೆ ಏನಾಗುತ್ತೆ ಗೊತ್ತಾ?"

ಗೊತ್ತು. ಆ...ಆ...ಆಕ್ಷೀ!

ಇಂಚರ ನಿಂತಳಾ? ನಿಲ್ಲಲಿಲ್ಲ. ಪಕ್ಕದ ಬಾಗಿಲಿಗೆ ನಡೆದಳು.

ಗಿರಣಿ ಗಡಗಡ ಅನ್ನುತ್ತಿತ್ತು. ಲೋಕಣ್ಣನ ರೆಪ್ಪೆ ಬಿಳಿ. ಮೀಸೆ ಬಿಳಿ. ಕಿವಿಯೂ ಬಿಳಿ. ಇಂಚರ ಕೂಗಿಯೇ ಹೇಳಬೇಕಾಯಿತು. ನೀವೂ ಕೂಗಿ!

"ಲೋಕಣ್ಣ ಮಾಮ, ಲೋಕಣ್ಣ ಮಾಮ,
ಅಜ್ಜಿಗೆ ಅಲೆ ಬೇಕು!
ಅಲೆಗೆ ಮಂಗಳವಾರ ಬೇಕು!
ಅಪ್ಪನ ಮಂಗಳವಾರ ಗಂಗಣ್ಣ ಮಾಮನ ಹತ್ತಿರ!
ಗಂಗಣ್ಣ ಮಾಮನ ಮಂಗಳವಾರ ಪುಟ್ಟತಾಯಿ ಅತ್ತೆ ಹತ್ತಿರ!
ಪುಟ್ಟತಾಯಿ ಅತ್ತೆ ಮಂಗಳವಾರ ಜರೀನಾ ಆಂಟಿ ಹತ್ತಿರ!
ಜರೀನಾ ಆಂಟಿ ಮಂಗಳವಾರ ನಿಮ್ಮ ಹತ್ತಿರ!
ಕೊಡ್ತೀರಾ?"

"ಏನು? ರಾಗಿನಾ?" ಎಂದ ಲೋಕಣ್ಣ.

"ಮಂಗಳವಾರ!"

ಲೋಕಣ್ಣ ಗಿರಣಿ ನಿಲ್ಲಿಸಿದ. "ಓ, ಅದಾ? ಅದು ನಮ್ಮವ್ವನ ಹತ್ತಿರ ಇದೆ. ಅವ್ವನ ಕೋಳಿ ಕಾವಿಗೆ ಕೂತದೆ. ಮಂಗಳವಾರ ಮರಿ ಆಗ್ತವೆ. ಮರಿ ಚೀಂವ್ ಅಂದ್ರೆ ಸಾಕು, ಬೆಕ್ಕು ಹಾಜರ್! ನಾನು ಕೋಲು ಹಿಡ್ಕೊಂಡು ಕಾಯಬೇಕು."

"ಕೋಳೀನ ಗಿರಣಿಗೆ ತನ್ನಿ."

"ಕಾವಿಗೆ ಕೂತ ಕೋಳೀನ ಕದಲಿಸಬಾರದು ಕಣವ್ವ. ಎದ್ದು ಹೋಗಿಬಿಡ್ತದೆ."

ಇಂಚರಳ ಕಾಲು ನೋಯುತ್ತಿತ್ತು. ಆದರೂ ನಿಂತಳಾ? ನಿಲ್ಲಲಿಲ್ಲ. ಬೀದಿಯ ಕೊನೆಗೆ ನಡೆದಳು.

ಅಲ್ಲಿ ಲೋಕಣ್ಣನ ಅವ್ವ ಬೋರಮ್ಮಜ್ಜಿ ಜಗಲಿಯ ಮೇಲೆ ಕೂತಿದ್ದಳು. ಪಕ್ಕದಲ್ಲಿ ಒಂದು ಬುಟ್ಟಿ. ಬುಟ್ಟಿಯಲ್ಲಿ ಹುಲ್ಲು. ಹುಲ್ಲಿನ ಮೇಲೆ ಮೊಟ್ಟೆ. ಮೊಟ್ಟೆಯ ಮೇಲೆ ಕಂದು ಕೋಳಿ.

"ಬೋರಮ್ಮಜ್ಜಿ, ಬೋರಮ್ಮಜ್ಜಿ,
ಅಜ್ಜಿಗೆ ಅಲೆ ಬೇಕು.
ಅಲೆಗೆ ಮಂಗಳವಾರ ಬೇಕು.
ಅಪ್ಪನ ಮಂಗಳವಾರ ಗಂಗಣ್ಣ ಮಾಮನ ಹತ್ತಿರ.
ಗಂಗಣ್ಣ ಮಾಮನ ಮಂಗಳವಾರ ಪುಟ್ಟತಾಯಿ ಅತ್ತೆ ಹತ್ತಿರ.
ಪುಟ್ಟತಾಯಿ ಅತ್ತೆ ಮಂಗಳವಾರ ಜರೀನಾ ಆಂಟಿ ಹತ್ತಿರ.
ಜರೀನಾ ಆಂಟಿ ಮಂಗಳವಾರ ಲೋಕಣ್ಣ ಮಾಮನ ಹತ್ತಿರ.
ಲೋಕಣ್ಣ ಮಾಮನ ಮಂಗಳವಾರ ನಿಮ್ಮ ಹತ್ತಿರ.
ಕೊಡ್ತೀರಾ?"

"ಕೊಟ್ಟರೆ ಬೆಕ್ಕನ್ನ ಓಡಿಸೋರು ಯಾರವ್ವ? ನಾನು ಕೂತರೆ ಜೊಂಪು ಹತ್ತುತ್ತೆ" ಎಂದಳು ಬೋರಮ್ಮಜ್ಜಿ. ಗೋಡೆ ತೋರಿಸಿದಳು. ಗೋಡೆಯ ಮೇಲೆ ಇದ್ದಿಲಿನ ಗೆರೆಗಳು. "ದಿನಕ್ಕೊಂದು ಗೆರೆ ಎಳೀತೀನಿ. ಹದಿನೆಂಟು ಆಗಿದೆ. ಇಪ್ಪತ್ತೊಂದು ಆದ್ರೆ ಮರಿ. ಇನ್ನು ಮೂರು ಗೆರೆ. ಭಾನುವಾರ, ಸೋಮವಾರ, ಮಂಗಳವಾರ. ನನ್ನನ್ನೇನು ಕೇಳ್ತೀಯ? ನನ್ನ ಮಂಗಳವಾರ ಕೋಳಿ ಹತ್ತಿರ ಇದೆ. ಅದನ್ನೇ ಕೇಳು."

ಬೋರಮ್ಮಜ್ಜಿ ತಮಾಷೆಗೆ ಹೇಳಿದಳು. ಇಂಚರ ತಮಾಷೆ ಅಂದುಕೊಳ್ಳಲಿಲ್ಲ. ಬುಟ್ಟಿಯ ಮುಂದೆ ಕುಕ್ಕರುಗಾಲಲ್ಲಿ ಕೂತಳು. ಮೆಲ್ಲಗೆ ಕೇಳಿದಳು.

"ಕೋಳಿ ಕೋಳಿ,
ಅಜ್ಜಿಗೆ ಅಲೆ ಬೇಕು.
ಅಲೆಗೆ ಮಂಗಳವಾರ ಬೇಕು.
ಅಪ್ಪನ ಮಂಗಳವಾರ ಗಂಗಣ್ಣ ಮಾಮನ ಹತ್ತಿರ.
ಗಂಗಣ್ಣ ಮಾಮನ ಮಂಗಳವಾರ ಪುಟ್ಟತಾಯಿ ಅತ್ತೆ ಹತ್ತಿರ.
ಪುಟ್ಟತಾಯಿ ಅತ್ತೆ ಮಂಗಳವಾರ ಜರೀನಾ ಆಂಟಿ ಹತ್ತಿರ.
ಜರೀನಾ ಆಂಟಿ ಮಂಗಳವಾರ ಲೋಕಣ್ಣ ಮಾಮನ ಹತ್ತಿರ.
ಲೋಕಣ್ಣ ಮಾಮನ ಮಂಗಳವಾರ ಬೋರಮ್ಮಜ್ಜಿ ಹತ್ತಿರ.
ಬೋರಮ್ಮಜ್ಜಿ ಮಂಗಳವಾರ ನಿನ್ನ ಹತ್ತಿರ.
ಕೊಡ್ತೀಯಾ?"

ಕೋಳಿ ಕೊಕ್ಕಿನಿಂದ ಹುಲ್ಲು ಸರಿಸಿತು, ಅಷ್ಟೆ. ಮುಂದೆ ಹೋಗೋಣ ಅಂದರೆ ಬೀದಿಯೇ ಮುಗಿದಿತ್ತು. ಇಂಚರಳ ಕಣ್ಣು ತುಂಬಿತು.

"ಹಾಗಾದ್ರೆ ನನ್ನ ಮಂಗಳವಾರ ನೀನು ತಗೋ. ಲೋಕಣ್ಣ ಮಾಮನ ಬದಲು ನಾನು ಇಲ್ಲಿ ಕೂರ್ತೀನಿ. ಬೆಕ್ಕು ಬಂದ್ರೆ ಹುಶ್ ಅಂತೀನಿ. ನಮ್ಮಜ್ಜಿ ಹೋಗಿ ಅಲೆ ನೋಡ್ಲಿ."

ಕೋಳಿ ಕತ್ತು ಓರೆ ಮಾಡಿತು. ಒಂದು ಕಣ್ಣಲ್ಲಿ ಇಂಚರಳನ್ನು ನೋಡಿತು.

"ಕೊಕ್ಕೊಕ್! ನಿನ್ನ ಮಂಗಳವಾರ ಇಟ್ಕೊಂಡು ನಾನೇನು ಮಾಡ್ಲಿ? ನನಗೆ ಯಾರ ಮಂಗಳವಾರವೂ ಬೇಡ. ಬೋರಮ್ಮ ಮೂರು ದಿನ ಮಗಳ ಮನೆಗೆ ಹೋಗಿದ್ದಳು. ಹಬ್ಬದೂಟ ಉಂಡು ಬಂದಳು. ಆ ಮೂರು ದಿನ ಗೆರೆ ಎಳೆದವರು ಯಾರು? ಯಾರೂ ಇಲ್ಲ. ಅವಳು ಗೆರೆ ಎಳೆಯದ ದಿನವೂ ನಾನು ಕೂತೇ ಇದ್ದೆ!"

ಹುಲ್ಲಿನೊಳಗೆ ಏನೋ ಸದ್ದಾಯಿತು. ಟಿಕ್. ಟಿಕ್. ಟಿಕ್.

ಬೋರಮ್ಮಜ್ಜಿ ಹಣೆ ಚಚ್ಚಿಕೊಂಡಳು. "ಅಯ್ಯೋ ನನ್ನ ಮರೆವಿಗಿಷ್ಟು!" ಓಡಿ ಹೋಗಿ ಇದ್ದಿಲು ತಂದಳು. ಒಂದು ಗೆರೆ, ಎರಡು ಗೆರೆ, ಮೂರು ಗೆರೆ. ಇಪ್ಪತ್ತೊಂದು! ಅಷ್ಟರಲ್ಲಿ ಮೊಟ್ಟೆ ಬಿರಿಯಿತು. ಒದ್ದೆ ತಲೆಯೊಂದು ಹೊರಗೆ ಬಂತು. ಚೀಂವ್!

ಚೀಂವ್ ಅಂದದ್ದೇ ತಡ, ಗೋಡೆಯ ಮೇಲೆ ಎರಡು ಕಿವಿ ಕಾಣಿಸಿದವು.

"ಹುಶ್!" ಎಂದಳು ಇಂಚರ. ಎಷ್ಟು ಜೋರಾಗಿ ಅಂದರೆ ಬೆಕ್ಕು ಆ ಕಡೆಗೇ ಬಿದ್ದುಹೋಯಿತು. ಬೋರಮ್ಮಜ್ಜಿಗೂ ಜೊಂಪು ಹತ್ತಲಿಲ್ಲ.

ಇಂಚರ ಊಟದ ಹೊತ್ತಿನವರೆಗೂ ಕಾದಳು. ಹತ್ತು ಮೊಟ್ಟೆ, ಹತ್ತು ಮರಿ. ಮರಿ ಆದಮೇಲೆ ಕೋಳಿಯನ್ನು ಕದಲಿಸಬಹುದಲ್ಲ? ಬೋರಮ್ಮಜ್ಜಿ ತಾಯಿಯನ್ನೂ ಮರಿಗಳನ್ನೂ ಗೂಡಿಗೆ ಬಿಟ್ಟಳು. ಬಾಗಿಲು ಹಾಕಿ ಚಿಲಕ ಜಡಿದಳು.

"ತಗೋ ನನ್ನವ್ವ" ಎಂದಳು. ಇಂಚರಳ ಅಂಗೈಗೆ ಏನೋ ಇಟ್ಟ ಹಾಗೆ ಮಾಡಿ ಬೆರಳು ಮಡಿಸಿದಳು. "ಬೀಳಿಸ್ಬೇಡ, ಹುಷಾರು."

ಇಂಚರ ಮುಷ್ಟಿ ಬಿಗಿ ಹಿಡಿದು ಓಡಿದಳು.

ಕೋಳಿ ಬೋರಮ್ಮಜ್ಜಿಯ ಮಂಗಳವಾರ ಕೊಟ್ಟಿತು. ಕೊಕ್ಕೊಕ್!
ಬೋರಮ್ಮಜ್ಜಿ ಲೋಕಣ್ಣನ ಮಂಗಳವಾರ ಕೊಟ್ಟಳು. ಲೋಕಣ್ಣ ಗಿರಣಿಗೆ ಬರ್ತಾನೆ. ಗಡಗಡ!
ಲೋಕಣ್ಣ ಜರೀನಾಳ ಮಂಗಳವಾರ ಕೊಟ್ಟ. ಜರೀನಾ ಕೂಸಿನ ಜೊತೆ ಇರ್ತಾಳೆ. ಟಕಟಕಟಕ!
ಜರೀನಾ ಪುಟ್ಟತಾಯಿಯ ಮಂಗಳವಾರ ಕೊಟ್ಟಳು. ಪುಟ್ಟತಾಯಿ ಹೂವು ಮಾರ್ತಾಳೆ. ಎರಡು ಹೂವು, ಒಂದು ಗಂಟು!
ಪುಟ್ಟತಾಯಿ ಗಂಗಣ್ಣನ ಮಂಗಳವಾರ ಕೊಟ್ಟಳು. ಗಂಗಣ್ಣ ಹೋಟೆಲಿಗೆ ಬರ್ತಾನೆ. ಬುಸ್ಸ್!
ಗಂಗಣ್ಣ ಅಪ್ಪನ ಮಂಗಳವಾರ ಕೊಟ್ಟ. "ದೋಸೆ ನಾನು ಹುಯ್ತೀನಿ, ಹೋಗಿ ಬನ್ನಿ!" ಚುಂಯ್!

ಇಂಚರ ಮನೆಗೆ ಬಂದಳು. ಅಜ್ಜಿ ಇನ್ನೂ ಗೋಡೆ ಕಡೆಗೇ ಕೂತಿದ್ದಳು. ಇಂಚರ ಅಜ್ಜಿಯ ಅಂಗೈ ಬಿಡಿಸಿದಳು. ಅದರ ಮೇಲೆ ತನ್ನ ಮುಷ್ಟಿ ಬಿಚ್ಚಿದಳು.

"ಏನೇ ಇದು? ಏನೂ ಇಲ್ಲವಲ್ಲ?"

"ಇದೆ ಅಜ್ಜಿ. ಮಂಗಳವಾರ!"

ಅಜ್ಜಿ ಇಂಚರಳ ಮುಖ ನೋಡಿದಳು. ಅಂಗೈ ನೋಡಿದಳು. ಆಮೇಲೆ ಮಂಗಳವಾರವನ್ನು ಸೆರಗಿನ ತುದಿಯಲ್ಲಿ ಇಟ್ಟು ಗಟ್ಟಿಯಾಗಿ ಗಂಟು ಹಾಕಿದಳು.

ಭಾನುವಾರ ಹೋಯಿತು. ಸೋಮವಾರ ಹೋಯಿತು. ಕೆಂಪು ಬಸ್ಸು ಬಂತು. ಮಂಗಳವಾರ, ಅಗ್ಗದ ಮಂಗಳವಾರ, ನಾಲ್ಕೂ ಜನ ಕೊಳದಲ್ಲಿ ಕೈ ಕೈ ಹಿಡಿದು ನಿಂತರು. ಅಪ್ಪ, ಅಮ್ಮ, ಅಜ್ಜಿ, ಇಂಚರ. ಅಜ್ಜಿ ಇಂಚರಳ ಕೈಯನ್ನು ಇನ್ನೂ ಬಿಗಿಯಾಗಿ ಹಿಡಿದಳು.

"ಹೆದರಿಕೆನಾ ಅಜ್ಜಿ?"

"ಹೂಂ ಕಣೇ. ಹೆದರಿಕೆ. ಬಿಡಬೇಡ ನನ್ನ ಕೈ."

ಗಂಟೆ ಹೊಡೆಯಿತು. ಢಣ್! ಆ ತುದಿಯಲ್ಲಿ ನೀರು ಎದ್ದಿತು. ಬಂತು, ಬಂತು, ಬಂತು. ಅಜ್ಜಿಯ ಕಾಲು ಮುಟ್ಟಿತು. ಮಂಡಿ ಮುಟ್ಟಿತು. ಸೊಂಟ ಮುಟ್ಟಿತು. ಧಪ್ಪ್! ಅಜ್ಜಿಯ ತಲೆಯ ಮೇಲೆಯೇ ಹಾರಿಹೋಯಿತು.

ಅಜ್ಜಿ ಮುಖದ ನೀರು ಒರೆಸಿಕೊಳ್ಳಲೂ ಇಲ್ಲ.

"ಇನ್ನೊಂದು ಬರ್ಲಿ!" ಎಂದು ಕೂಗಿದಳು.

ಇನ್ನೊಂದು ಬಂತು. ಮತ್ತೊಂದು ಬಂತು. ಅಪ್ಪ ಒದ್ದೆ, ಅಮ್ಮ ಒದ್ದೆ, ಅಜ್ಜಿ ಒದ್ದೆ, ಇಂಚರ ಒದ್ದೆ. ಕತೆ ಕೇಳಿದ ನೀವು ಮಾತ್ರ ಒಣಗಿದ್ದೀರಿ. ಏಳಿ, ಕೈಕಾಲು ತೊಳೆದುಕೊಂಡು ಬನ್ನಿ. ಊಟ ಮಾಡೋಣ.