ಅಪ್ಪನ ಗುಲಾಬಿ ಬಣ್ಣ

"ಗುರುಗಳೇ, ಹಿಂದಿನ ಮಠದಲ್ಲಿ ನನಗೆ ಸಿಕ್ಕಿದ್ದ ನೆಮ್ಮದಿ ಇಲ್ಲಿ ಯಾಕೆ ಸಿಗುತ್ತಿಲ್ಲ?" ಎಂದು ಶಿಷ್ಯ ಕೇಳಿದ. ಅಲ್ಲಿಯ ಬೆಳಗಿನ ಪ್ರಾರ್ಥನೆ, ಅಲ್ಲಿಯ ಬಾವಿಯ ನೀರು, ಅಲ್ಲಿಯವರ ನಗುಮುಖ, ಒಂದೊಂದನ್ನೂ ನೆನೆದು ನೆನೆದು ಹೇಳಿದ. ಅಪ್ಪಣೆ ಕೊಟ್ಟರೆ ಅಲ್ಲಿಗೇ ಹಿಂತಿರುಗುತ್ತೇನೆ ಎಂದ.

ಗುರುಗಳು ನಕ್ಕರು. "ಹೊರಟವನನ್ನು ಬರಿಹೊಟ್ಟೆಯಲ್ಲಿ ಕಳಿಸಬಾರದು. ಮಠದಲ್ಲಿ ಈಗ ತಿನ್ನಲು ಏನೂ ಇಲ್ಲ. ಒಂದು ಕೇಕಿನ ಕತೆಯನ್ನಾದರೂ ಕೇಳಿಕೊಂಡು ಹೋಗು," ಎಂದು ಶುರುಮಾಡಿದರು.

ಒಂದು ಊರಿನಲ್ಲಿ ಒಬ್ಬ ಬೇಕರಿಯವನಿದ್ದ. ಬೇಕರಿ ಅವನ ಅಪ್ಪ ಕಟ್ಟಿದ್ದು. ಅಪ್ಪ ತೀರಿಕೊಂಡಾಗ, ಕೊನೆಗಾಲದಲ್ಲಿ ಅವರನ್ನು ಯಾರು ಎಷ್ಟು ನೋಡಿಕೊಂಡರು ಎಂದು ಮಾತಿಗೆ ಮಾತು ಬೆಳೆದು ಅವನೂ ಅವನ ಅಕ್ಕನೂ ದೂರವಾದರು. ಅಕ್ಕ ಆಮೇಲೆ ತವರಿನ ಹೊಸ್ತಿಲು ತುಳಿಯಲಿಲ್ಲ. ಬಹಳ ವರ್ಷಗಳು ಹೀಗೇ ಕಳೆದವು. ಕೊನೆಗೊಮ್ಮೆ ಅವಳೇ ಹೇಳಿಕಳಿಸಿದಳು, ವಯಸ್ಸಾಯಿತು, ಒಂದು ಸಲ ಬಂದು ಹೋಗುತ್ತೇನೆ ಎಂದು.

ಬೇಕರಿಯವನಿಗೆ ಕೈಕಾಲೇ ಆಡಲಿಲ್ಲ. ಅಕ್ಕ ನೆಂಟರಂತೆ ಬಂದು, ಕೂತು, ಎದ್ದು ಹೋದರೆ ಮತ್ತೆ ಬರುವವಳಲ್ಲ. ಏನು ಹೇಳಿ ಅವಳನ್ನು ಉಳಿಸಿಕೊಳ್ಳುವುದು? ಅವನಿಗೆ ಮಾತು ಬರುತ್ತಿರಲಿಲ್ಲ, ಕೇಕು ಬರುತ್ತಿತ್ತು. ಚಿಕ್ಕಂದಿನಲ್ಲಿ ಅಕ್ಕ ತಮ್ಮಂದಿರ ಹುಟ್ಟುಹಬ್ಬಕ್ಕೆ ಅಪ್ಪ ಕಾಗದದ ಬಟ್ಟಲುಗಳಲ್ಲಿ ಪುಟ್ಟ ಪುಟ್ಟ ಕೇಕು ಬೇಯಿಸಿ, ಮೇಲೆ ಗುಲಾಬಿ ಬಣ್ಣದ ಬೆಣ್ಣೆ ಕ್ರೀಮು ಹಚ್ಚುತ್ತಿದ್ದರು. ಅದನ್ನು ನೆನೆದರೆ ಈಗಲೂ ಅವನ ಕಣ್ಣು ತುಂಬುತ್ತಿತ್ತು. ಅದೇ ಕೇಕನ್ನು ಅದೇ ಬಣ್ಣದಲ್ಲಿ ಅಕ್ಕನ ಮುಂದಿಡಬೇಕು ಎಂದುಕೊಂಡ.

ಅವಳು ಬರುವ ದಿನ ಬೆಳಗ್ಗೆಯೇ ಬೆಣ್ಣೆಗೆ ಸಕ್ಕರೆ ಪುಡಿ ಹಾಕಿ ಹಗುರವಾಗುವವರೆಗೆ ತಿರುವಿದ. ಅಪ್ಪನಂತೆಯೇ ಕಡ್ಡಿಯ ತುದಿಯನ್ನು ಕೆಂಪು ಬಣ್ಣದಲ್ಲಿ ಅದ್ದಿ, ಕ್ರೀಮಿಗೆ ತಾಕಿಸಿ ಕಲಸಿದ. ತಿಳಿಗುಲಾಬಿ ಬಂತು. "ಇದಲ್ಲ, ಅಪ್ಪಂದು ಕಣ್ಣು ಕುಕ್ಕೋ ಹಾಗಿತ್ತು," ಎಂದು ಬಟ್ಟಲನ್ನು ಆಚೆ ತಳ್ಳಿದ. ಹೆಂಡತಿಗೆ ಚೆಲ್ಲಲು ಮನಸ್ಸಾಗದೆ ಆ ಕ್ರೀಮನ್ನು ಒಂದಷ್ಟು ಕೇಕಿಗೆ ಹಚ್ಚಿ ಒಳಗಿಟ್ಟಳು.

ಅವನು ಹೊಸದಾಗಿ ಕಲಸಿದ. ಒಂದು ಹನಿ ಬಣ್ಣ ಹಾಕಿದ, ಸಾಲಲಿಲ್ಲ. ಇನ್ನೊಂದು ಹಾಕಿದ, ಮತ್ತೂ ಹಾಕಿದ. ಬಣ್ಣ ಕಲಸಿದ ಕ್ರೀಮು ಇಟ್ಟಷ್ಟು ಹೊತ್ತೂ ಗಾಢವಾಗುತ್ತಾ ಹೋಗುತ್ತದೆ. ಅದಕ್ಕೇ ಬೇಕಾದ್ದಕ್ಕಿಂತ ತುಸು ತಿಳಿಯಾಗಿ ಕಲಸಿ ಕಾಯಬೇಕು. ಗಿರಾಕಿಗಳ ಕೇಕಿನಲ್ಲಿ ಅವನು ಎಂದೂ ಇದನ್ನು ಮರೆತವನಲ್ಲ. ಆದರೆ ಅಪ್ಪನ ಕೇಕು ಎಂದೊಡನೆ ಅವನಿಗೆ ಕಾಯಲಾಗಲಿಲ್ಲ.

ಅಕ್ಕ ಬರುವ ಹೊತ್ತಿಗೆ ಕ್ರೀಮು ದಾಸವಾಳದಷ್ಟು ಕೆಂಪಾಗಿತ್ತು. ಬಣ್ಣ ಹೆಚ್ಚಾಗಿ ಕಹಿಯೂ ಆಗಿತ್ತು. ಅಕ್ಕ ಒಂದು ಚೂರು ಕಚ್ಚಿ, ಮುಖ ಕಿವುಚಿ, ತಟ್ಟೆಯನ್ನು ಪಕ್ಕಕ್ಕಿಟ್ಟಳು. ಸ್ವಲ್ಪ ಹೊತ್ತಿಗೆ ಸೆರಗು ಸರಿಮಾಡಿಕೊಂಡು, ಬಸ್ಸಿಗೆ ಹೊತ್ತಾಯಿತು ಎಂದು ಎದ್ದಳು. ತಮ್ಮನ ಎದೆ ಒಡೆದುಹೋಯಿತು.

ಹೆಂಡತಿಗೆ ಬೇರೇನೂ ತೋಚದೆ ಒಳಗಿಟ್ಟಿದ್ದ ಕೇಕುಗಳನ್ನು ತಂದು ಮುಂದೆ ಹಿಡಿದಳು. ಅಕ್ಕ ಒಂದನ್ನು ಕೈಗೆತ್ತಿಕೊಂಡವಳು ಮತ್ತೆ ಕುಳಿತುಬಿಟ್ಟಳು. "ಅಪ್ಪಂದು," ಎಂದಳು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಅಪ್ಪಂದು ಇಷ್ಟು ಪೇಲವ ಇರ್ಲಿಲ್ಲ, ಅಕ್ಕಾ," ಎಂದ ತಮ್ಮ.

"ಇಷ್ಟೇ ಇತ್ತು ಕಣೋ. ನೀನು ಅದನ್ನ ಬಾಯಿಗೇ ಹಾಕ್ಕೋತಿರ್ಲಿಲ್ಲ. ಎದುರಂಗಡಿ ಕೇಕೇ ಬೇಕು, ಅದು ಎಷ್ಟು ಕೆಂಪಗಿದೆ ಅಂತ ನೆಲದ ಮೇಲೆ ಬಿದ್ದು ಹೊರಳಾಡ್ತಿದ್ದೆ. ಅಪ್ಪ ಅಲ್ಲಿಂದ ತಂದು ಕೊಟ್ಟು, ನಿನ್ನ ಪಾಲನ್ನೂ ನಂಗೇ ಕೊಡ್ತಿದ್ರು."

ತಮ್ಮ ತಿಳಿ ಬಣ್ಣದ ಒಂದು ಕೇಕನ್ನು ತೆಗೆದುಕೊಂಡ. ಅಪ್ಪನ ಕೇಕಿನ ರುಚಿ ಹೇಗಿತ್ತೆಂದು ಅವನಿಗೆ ಗೊತ್ತಾದದ್ದು ಅಂದೇ. ಅಳುತ್ತಲೇ ತಿಂದ. ಅಕ್ಕ ಬಸ್ಸಿನ ಮಾತನ್ನು ಮತ್ತೆ ಎತ್ತಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ತಲೆದೂಗಿದ. "ಪಾಪದವನು. ಆದರೆ ನನ್ನ ಮಾತು ಬೇರೆ, ಗುರುಗಳೇ. ಆ ಮಠದಲ್ಲಿ ಕಳೆದ ಒಂದೊಂದು ದಿನವೂ ನನಗೆ ನಿಚ್ಚಳವಾಗಿ ನೆನಪಿದೆ," ಎಂದ.

"ಹಾಗಾದರೆ ಹೇಳು, ಅಲ್ಲಿದ್ದಾಗ ನೀನು ಎಲ್ಲಿಯ ನೆಮ್ಮದಿಯನ್ನು ನೆನೆಯುತ್ತಿದ್ದೆ?" ಎಂದರು ಗುರುಗಳು.

"ಅದಕ್ಕೂ ಹಿಂದಿನ ಮಠದ..." ಎಂದು ಶುರುಮಾಡಿದ ಶಿಷ್ಯ ನಕ್ಕುಬಿಟ್ಟ.